ಕಾಗೆಯೂ ಕಾಲಿಡದ ಓಣಿ

ಫೆಬ್ರವರಿ 4

ಎಲೈ ಸಭಿಕರೇ! ಮುಂದಿನ ಸಾಲಿನ ಮಹನೀಯರೇ, ಹಿಂದಿನ ಸಾಲಿನಲ್ಲಿ ಕಡಲೆ ಸಿಪ್ಪೆ ಉದುರಿಸುತ್ತ ಕೂತ ಮಹಾಜನಗಳೇ, ಕಂಬದ ಮರೆಯಿಂದ ಕತ್ತು ಉದ್ದ ಮಾಡಿ ನೋಡುತ್ತಿರುವ ತಾಯಂದಿರೇ! ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿಬಿಡಿ. ಪರದೆ ಎದ್ದ ಮೇಲೆ ಉಸಿರು ಬಿಡಲೂ ಪುರುಸೊತ್ತು ಸಿಗದಂಥ ಸುದ್ದಿ ತಂದಿದ್ದೇನೆ!

ಸಭಿಕರು ಅಂದರೆ, ಅಕ್ಕ, ನೀನೇ. "ಒಬ್ಬಳೇ ಕೂತಿದ್ರೂ ಸಭೆ ಸಭೇನೇ ಕಣೋ, ದನಿ ತಗ್ಗಿಸಬೇಡ" ಎಂದು ಅಪ್ಪ ನನಗೆ ಪಾತ್ರ ಕಲಿಸುವಾಗ ಗದರುತ್ತಿದ್ದರಲ್ಲ. ಓಣಿಯ ಮೆಟ್ಟಿಲ ಮೇಲೆ ಎರಡು ಜಡೆ ಹಾಕಿಕೊಂಡು ನೀನೊಬ್ಬಳೇ ಕೂತಿರುತ್ತಿದ್ದೆ. ಐವತ್ತು ವರ್ಷವಾಯಿತು. ಇವತ್ತಿಗೂ ನನ್ನ ಪಾಲಿಗೆ ತುಂಬಿದ ಗೃಹವೆಂದರೆ ಅದೇ.

ಸುದ್ದಿ ಕೇಳು. ನಿನ್ನೆ ಬೆಳಿಗ್ಗೆ ನಮ್ಮ ಓಣಿಯ ಗೋಡೆಗೆ ನಗರಸಭೆಯವರು ಒಂದು ಕಾಗದ ಅಂಟಿಸಿ ಹೋದರು. ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. "ನಿಂತ ನೆಲ ಕುಸಿಯಿತೇ!" ಎಂದು ರಂಗದ ಮೇಲೆ ನೂರು ಸಲ ಎದೆ ಬಡಿದುಕೊಂಡಿದ್ದೇನೆ. ನೆಲ ನಿಜವಾಗಿ ಕುಸಿಯುವುದು ಹೇಗಿರುತ್ತದೆ ಎಂದು ನಿನ್ನೆ ಗೊತ್ತಾಯಿತು. ಸಾರ್ವಜನಿಕ ಓಣಿಗಳಲ್ಲಿ ಇನ್ನು ಮುಂದೆ ಹೋಟೆಲಿನವರು ಮೇಜು ಕುರ್ಚಿ ಹಾಕಿ ಊಟ ಬಡಿಸಬಹುದಂತೆ! ಬೆಳಿಗ್ಗೆ ಏಳರಿಂದ ರಾತ್ರಿಯವರೆಗೆ! ಮೊದಲ ಪಟ್ಟಿಯಲ್ಲಿ ಆರು ಓಣಿ, ನಾಲ್ಕನೆಯದು ನಮ್ಮದು. ಜೊತೆಗೊಂದು ನಕ್ಷೆ, ನಕ್ಷೆಯ ಕೆಳಗೊಂದು ಬಣ್ಣದ ಚಿತ್ರ. ತಕರಾರು ಇದ್ದವರು ಮಾರ್ಚ್ 23ರ ಬೆಳಿಗ್ಗೆ ಎಂಟಕ್ಕೆ, ಅಧಿಕಾರಿ ಓಣಿಗೆ ಬಂದಾಗ, ಖುದ್ದಾಗಿ ಹೇಳಬೇಕು. ಯಾರೂ ಹೇಳದಿದ್ದರೆ ಅಲ್ಲೇ ನೆಲದ ಮೇಲೆ ಹಳದಿ ಗೆರೆ ಎಳೆದು ಓಣಿಯನ್ನು ಒಪ್ಪಿಸಿಬಿಡುತ್ತಾರೆ.

ನನಗೇನೂ ತೊಂದರೆಯಿಲ್ಲ ಬಿಡು. ಅಪ್ಪನ ನಾಟಕ ಕಂಪನಿಯ ಹಜಾರವಿದೆಯಲ್ಲ. ಅಲ್ಲಿ ಮೂವತ್ತಡಿಯ ಪರದೆ ಹಾಸಿದರೂ ಸುತ್ತ ಕುದುರೆ ಓಡಿಸಬಹುದು. ಈಗ ಬೀದಿಯ ದೃಶ್ಯದ ಪರದೆ ಬರೆಯುತ್ತಿದ್ದೇನೆ, ನಾಟಕದವರು ಏಪ್ರಿಲ್‌ಗೆ ಕೇಳಿದ್ದಾರೆ. ನಾನು ಹೇಳುತ್ತಿರುವುದು ಓಣಿಯ ಮಾನದ ಮಾತು. ಈ ನಕ್ಷೆಗಳೆಲ್ಲ ನೀನಿರುವ ದೊಡ್ಡ ಕಚೇರಿಯಿಂದಲೇ ಬರುತ್ತವಂತೆ. ನೀನು ನೀರಿನ ಕೊಳವೆಯ ನಕ್ಷೆ ಬರೆಯುವವಳು, ಇದು ನಿನ್ನ ವಿಭಾಗವಲ್ಲ, ಗೊತ್ತು. ಆದರೂ ಪಕ್ಕದ ಕೋಣೆಯವರನ್ನು ಕೇಳಿ, ಇದನ್ನು ಬರೆದ ಪುಣ್ಯಾತ್ಮ ಯಾರೆಂದು ತಿಳಿಸು.

ನಿನ್ನ ತಮ್ಮ


ಫೆಬ್ರವರಿ 10

ತಮ್ಮಾ,

ಸಭೆ ಕಾಗದ ಓದಿತು. ಕೆಮ್ಮಲಿಲ್ಲ.

ಮೊದಲು ಕೂತು ಒಂದು ಲೋಟ ನೀರು ಕುಡಿ. ಓಣಿಗೆ ಬರುತ್ತಿರುವುದು ಮೇಜು, ಫಿರಂಗಿಯಲ್ಲ. ನಿನಗೆ ಹಜಾರವಿದೆ ಎಂದು ನೀನೇ ಬರೆದಿದ್ದೀಯ. ಹಾಗಾದರೆ ನಿನಗೆ ಆಗುವ ನಷ್ಟ ಏನು? ಕೋಪದಿಂದ ಕೇಳುತ್ತಿಲ್ಲ, ತಿಳಿಯಲಿಕ್ಕೆ ಕೇಳುತ್ತಿದ್ದೇನೆ.

ನಿನಗೆ ನೆನಪಿದೆಯೋ ಇಲ್ಲವೋ. ಮಧ್ಯಾಹ್ನದ ಆಟ ಇದ್ದ ದಿನ ಕಂಪನಿಯವರೆಲ್ಲ ಓಣಿಯಲ್ಲಿ ಉದ್ದನೆಯ ಹಲಗೆ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದರು. ಅರ್ಧ ಬಣ್ಣ ಹಚ್ಚಿದ ರಾಜನ ಪಕ್ಕ ಪರದೆ ಎಳೆಯುವವನು, ಅವನ ಪಕ್ಕ ಮೀಸೆ ಅಂಟಿಸಿಕೊಂಡ ಸೇನಾಪತಿ. ಅನ್ನದ ಜೊತೆ ಮೀಸೆಯೂ ಒಳಗೆ ಹೋಗುತ್ತಿತ್ತು. ನೀನು ಮರದ ಕತ್ತಿಯನ್ನು ತಲೆದಿಂಬು ಮಾಡಿಕೊಂಡು ಅಲ್ಲೇ ಮಲಗಿಬಿಡುತ್ತಿದ್ದೆ. ಆ ಹೊತ್ತಿನಲ್ಲಿ ನಮ್ಮ ಓಣಿಯಂಥ ಓಣಿ ಲೋಕದಲ್ಲಿ ಇನ್ನೊಂದಿರಲಿಲ್ಲ. ಈಗ ಅಲ್ಲಿ ಏನಿದೆ? ಹಗಲಿಡೀ ಒಂದು ನರಪಿಳ್ಳೆಯೂ ಇರುವುದಿಲ್ಲ ಎಂದು ಕೇಳಿದ್ದೇನೆ. ನಾಲ್ಕು ಜನ ಕೂತು ಉಂಡರೆ ಅದರ ಮಾನ ಹೋಗುತ್ತದೆಯೇ?

ಒಂದು ವಿಷಯ ಕೇಳಬೇಕು. ನಕ್ಷೆಯ ಕೆಳಗೆ ಚಿತ್ರವಿದೆ ಎಂದೆ. ಚಿತ್ರ ಹೇಗಿದೆ? ನೀನು ಬಣ್ಣದವನು. ಬೈಗುಳ ಬದಿಗಿಟ್ಟು, ನಿನ್ನ ಕಣ್ಣಿಗೆ ಹೇಗೆ ಕಂಡಿತೋ ಹಾಗೆ ಬರೆ.

ನಾದಿನಿಗೆ ಕೇಳಿದೆನೆಂದು ಹೇಳು. ಅವಳ ಸೊಂಟ ನೋವು ಹೇಗಿದೆ?

ಅಕ್ಕ


ಫೆಬ್ರವರಿ 17

ಮಹಾಸಭೆಗೆ ನಮಸ್ಕಾರ!

ಚಿತ್ರ ಹೇಗಿದೆ ಎಂದು ಕೇಳುತ್ತೀಯಾ? ಹೇಳುತ್ತೇನೆ, ಕಿವಿ ಗಟ್ಟಿ ಮಾಡಿಕೋ. ಕೈ ಪಳಗಿದ ಕೈ, ಸುಳ್ಳು ಹೇಳಲಾರೆ. ನೆರಳು ಬೀಳಬೇಕಾದ ಕಡೆಗೇ ಬಿದ್ದಿದೆ. ಇಟ್ಟಿಗೆಯ ಬಣ್ಣ ನಾಲಗೆಯಿಂದ ನೆಕ್ಕಿ ನೋಡಿದಷ್ಟು ಸರಿಯಾಗಿದೆ. ಆದರೆ ಬರೆದ ಆಸಾಮಿ ನಮ್ಮ ಓಣಿಯನ್ನು ಕಣ್ಣಾರೆ ಕಂಡವನೇ ಅಲ್ಲ! ಎಡಗೋಡೆಗೆ ಬಳ್ಳಿ ಹಬ್ಬಿಸಿದ್ದಾನೆ. ಆ ಬಳ್ಳಿ ಒಣಗಿ ನಲವತ್ತು ವರ್ಷವಾಯಿತು. ಉದ್ದಕ್ಕೂ ಮೇಜು, ಮೇಲೆ ಬಿಳಿ ಬಟ್ಟೆಯ ಚಪ್ಪರ. ಮೂಲೆಯ ಮೆಟ್ಟಿಲ ಮೇಲೆ ಒಂದು ಹುಡುಗಿಯನ್ನು ಬೇರೆ ಕೂರಿಸಿದ್ದಾನೆ, ಎರಡು ಜಡೆಯವಳು, ಗಲ್ಲಕ್ಕೆ ಕೈಯಿಟ್ಟುಕೊಂಡು ನೋಡುತ್ತಿದ್ದಾಳೆ. ಈಗಿನ ಕಾಲದಲ್ಲಿ ಎರಡು ಜಡೆಯ ಹುಡುಗಿ ಎಲ್ಲಿದ್ದಾಳೆ? ಎಲ್ಲೋ ಹಳೆ ಕ್ಯಾಲೆಂಡರಿನಿಂದ ಕದ್ದಿರಬೇಕು, ಕಳ್ಳ!

ಈ ಎಲ್ಲದರ ಬೇರು ಎಲ್ಲಿದೆ ಗೊತ್ತೇ? ಓಣಿಯ ಬಾಯಲ್ಲಿರುವ ಹೋಟೆಲಿನಲ್ಲಿ. ಅದರ ಯಜಮಾನನನ್ನು ನಾವೆಲ್ಲ 'ಲವಂಗ' ಎನ್ನುತ್ತೇವೆ. ಗಾತ್ರ ಲವಂಗದಷ್ಟು, ಘಾಟು ಇಡೀ ಉಗ್ರಾಣದಷ್ಟು. ಅರ್ಜಿ ಹಾಕಿದವನು ಅವನೇ. ನಾನು ಬಿಡುತ್ತೇನೆಯೇ? ನೆಟ್ಟಗೆ ಅವನ ಅಡುಗೆಮನೆಗೆ ನುಗ್ಗಿದೆ.

"ಏನಯ್ಯಾ ಲವಂಗ! ಸಾರ್ವಜನಿಕರ ಓಣೀನ ನುಂಗಿ ನೀರು ಕುಡಿಯೋಕೆ ಹೊರಟಿದ್ದೀಯ!"

ಅವನು ಸೌಟು ಕೆಳಗಿಡಲಿಲ್ಲ. "ಅಣ್ಣ, ಮೆಲ್ಲಗೆ. ಹಾಲು ಒಡೆದುಹೋಗುತ್ತೆ."

"ಓಣಿ ಯಾರಪ್ಪಂದು?"

"ನಮ್ಮಪ್ಪಂದಂತೂ ಅಲ್ಲ. ನಿಮ್ಮಪ್ಪಂದೂ ಅಲ್ಲ. ಒಳಗೆ ಹತ್ತು ಜನ ಕೂರೋ ಜಾಗದಲ್ಲಿ ಇಪ್ಪತ್ತು ಜನ ನಿಂತ್ಕೊಂಡು ತಿಂತಾರೆ. ಮೊನ್ನೆ ವಯಸ್ಸಾದೋರೊಬ್ರು ತಟ್ಟೆ ಹಿಡ್ಕೊಂಡೇ ತಲೆ ಸುತ್ತಿ ಬಿದ್ರು. ಹೊರಗೆ ಎರಡು ಬೆಂಚು ಹಾಕ್ತೀನಿ ಅಂದ್ರೆ ತಪ್ಪಾ? ಅಣ್ಣ, ನಾನು ಆವತ್ತೇ ನಿಮಗೆ ಹೇಳಿದ್ದೆ..."

ಏನೋ ಹೇಳಿದ್ದನಂತೆ. ಅದನ್ನು ಬಿಡು, ಅದು ಈ ನಾಟಕಕ್ಕೆ ಬೇಡದ ಮಾತು.

ಮನೆಗೆ ಬಂದರೆ ನಿನ್ನ ನಾದಿನಿ ಇನ್ನೊಂದು ಬಾಣ ಬಿಟ್ಟಳು. "ಓಣಿ ಏನು ನಿಮಗೆ ಬಳುವಳಿಯಾಗಿ ಬಂದಿತ್ತಾ?" ಎಂದಳು. ಸೊಂಟ ನೋವು ಕಡಿಮೆಯಾಗಿದೆ, ನಾಲಗೆ ಮಾತ್ರ ಸಾಣೆ ಹಿಡಿದಷ್ಟು ಚುರುಕಾಗಿದೆ.

ಅಕ್ಕ, ನಾನು ಸುಮ್ಮನಿರುವವನಲ್ಲ. ಸಭೆಯ ಸಾಕ್ಷಿಯಾಗಿ ಶಾಪ ಹಾಕುತ್ತೇನೆ. ಆ ನಕ್ಷೆ ಬರೆದ ಕೈಗೆ ನಡುಕ ಬರಲಿ! ಅದು ಎಳೆದ ಗೆರೆ ಇನ್ನೆಂದೂ ನೆಟ್ಟಗೆ ನಿಲ್ಲದಿರಲಿ! ಒಬ್ಬನ ಕಾಲಕೆಳಗಿನ ನೆಲವನ್ನು ಕಿತ್ತುಕೊಂಡ ಆ ಕೈಗೆ ಕೂರಲು ಒಂದು ಮೆಟ್ಟಿಲೂ ಸಿಗದಿರಲಿ!

ಕಾಗದಕ್ಕೆ ಅಲ್ಲಲ್ಲಿ ನೀಲಿ ತಾಗಿದ್ದರೆ ಮನ್ನಿಸು. ಹಜಾರದಲ್ಲೇ ಕೂತು ಬರೆಯುತ್ತಿದ್ದೇನೆ. ಪರದೆಗೆ ಆಕಾಶ ಹಚ್ಚಿದ್ದೇನೆ, ಒಣಗಬೇಕು.

ನಿನ್ನ ತಮ್ಮ


ಫೆಬ್ರವರಿ 24

ತಮ್ಮಾ,

ಆ ಕೈ ನನ್ನದು.

ಇದನ್ನು ಹೇಗೆ ಬರೆಯಬೇಕೆಂದು ಮೂರು ದಿನ ಯೋಚಿಸಿದೆ. ಸುತ್ತಿ ಬಳಸಿ ಬರೆದರೂ ಕೊನೆಗೆ ಇದೇ ಮೂರು ಪದ ಬರಬೇಕು, ಆದ್ದರಿಂದ ಮೊದಲೇ ಬರೆದಿದ್ದೇನೆ. ಕೊಳವೆಯ ವಿಭಾಗ ಬಿಟ್ಟು ಒಂದೂವರೆ ವರ್ಷವಾಯಿತು. ನಿನಗೆ ಹೇಳಲಿಲ್ಲ. ಓಣಿಗಳ ಪಟ್ಟಿ ಬಂದಾಗ ನಾಲ್ಕನೆಯದನ್ನು ನಾನೇ ಕೇಳಿ ತೆಗೆದುಕೊಂಡೆ. ಬೇರೆ ಯಾರೋ ನಮ್ಮ ಓಣಿಯನ್ನು ಅಳತೆಪಟ್ಟಿಯಿಂದ ಬರೆಯುವುದು ನನಗೆ ಬೇಡವಾಗಿತ್ತು. ನಿನಗೆ ಅಚ್ಚರಿ ಮಾಡಬೇಕೆಂದಿದ್ದೆ. ಗೋಡೆಯ ಮೇಲೆ ಚಿತ್ರ ನೋಡಿದ ಕೂಡಲೆ 'ಇದು ನನ್ನ ಅಕ್ಕ' ಎಂದು ನೀನು ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತೀ ಎಂದುಕೊಂಡಿದ್ದೆ. ಮೆಟ್ಟಿಲ ಮೇಲಿನ ಹುಡುಗಿ ಕ್ಯಾಲೆಂಡರಿನವಳಲ್ಲ.

ಈಗ ನಿನ್ನ ಸರದಿ.

ನಿನ್ನ ಹಿಂದಿನ ಕಾಗದವನ್ನು ತಿರುವಿ ನೋಡಿದೆ. ಹಿಂಬದಿಯಲ್ಲಿ ನೀಲಿಯಲ್ಲಿ ಒಂದು ಹೂವಿನ ಅಚ್ಚು ಬಿದ್ದಿದೆ. ಎಂಟು ದಳದ ಹೂವು, ಏಳನೆಯ ದಳ ಅರ್ಧ ಮುರಿದದ್ದು. ಅಂಥ ಹೂವು ಜಗತ್ತಿನಲ್ಲಿ ಒಂದೇ ಇದೆ. ನಮ್ಮ ಓಣಿಯ ನಡುವಿನ ಚರಂಡಿಯ ಕಬ್ಬಿಣದ ಮುಚ್ಚಳ. ಪರದೆಯ ತೂಕದ ಗುಂಡು ಬೀಳಿಸಿ ಆ ದಳ ಮುರಿದವನು ನೀನೇ. ಅಪ್ಪನ ಹತ್ತಿರ ನನ್ನ ಹೆಸರು ಹೇಳಿದ್ದೆ, ಏಟು ನನಗೆ ಬಿದ್ದಿತ್ತು. ಆ ಮುಚ್ಚಳವನ್ನು ನಾನು ಮರೆಯುತ್ತೇನೆಯೇ? ಹಜಾರದಲ್ಲಿ ಕೂತು ಬರೆದ ಕಾಗದಕ್ಕೆ ಚರಂಡಿಯ ಮುಚ್ಚಳ ಹೇಗೆ ಅಚ್ಚೊತ್ತಿತು? ಹಜಾರ ಎಲ್ಲಿ ಹೋಯಿತು? ಎಷ್ಟು ದಿನದಿಂದ ಓಣಿಯಲ್ಲಿ ಬಟ್ಟೆ ಹಾಸಿ ಬರೆಯುತ್ತಿದ್ದೀಯ?

ಇದರ ಜೊತೆ ಒಂದು ನಕಲು ಇಟ್ಟಿದ್ದೇನೆ. ಹೋದ ಆಗಸ್ಟಿನಲ್ಲಿ ನಮ್ಮ ಕಚೇರಿಯ ಅಳತೆಯವಳು ಓಣಿಯ ನಿವಾಸಿಯೊಬ್ಬರಿಂದ ಬರೆಸಿಕೊಂಡ ಹೇಳಿಕೆ. ಇದನ್ನು ನಂಬಿಯೇ ನಾನು ಓಣಿಯ ಉದ್ದಕ್ಕೂ ಮೇಜು ಬರೆದದ್ದು. ಓದು: "ಈ ಓಣಿಯನ್ನು ಹಗಲಿನಲ್ಲಿ ಯಾರೊಬ್ಬರೂ ಬಳಸುವುದಿಲ್ಲ. ಇಲ್ಲಿ ಕಾಗೆಯೂ ಕಾಲಿಡುವುದಿಲ್ಲ." ಕೆಳಗಿನ ಸಹಿಗೆ ಎರಡೂ ಕಡೆ ಮೀಸೆ ತಿರುವಿದೆ. ಅಪ್ಪನ ನಂತರ ಹಾಗೆ ಮೀಸೆಯ ಸಹಿ ಹಾಕುವವನು ಒಬ್ಬನೇ ಇದ್ದಾನೆ.

ಯಾಕೋ ಹೀಗೆ ಮಾಡಿದೆ?

23ಕ್ಕೆ ಅಧಿಕಾರಿ ಬಂದಾಗ ಹೋಗಿ ನಿಜ ಹೇಳು. ಹೇಳಿಕೆ ವಾಪಸು ತೆಗೆದುಕೋ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ಅಕ್ಕ


ಫೆಬ್ರವರಿ 28

ಅಕ್ಕ,

ಕಾಗದ ಬಂತು. ನಕಲು ನೋಡಿದೆ. ಸಹಿ ನನ್ನದೇ.

ಇವತ್ತು ಕುಂಚ ಮುಟ್ಟಲಿಲ್ಲ. ನಿನ್ನ ನಾದಿನಿ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲವಲ್ಲ ಎಂದಳು. ಆ ಶಾಪವನ್ನು ಹೇಗೆ ವಾಪಸು ತೆಗೆಯುವುದು, ನನಗೆ ತಿಳಿಯದು.

ತಮ್ಮ


ಮಾರ್ಚ್ 6

ಅಕ್ಕ,

ಹಜಾರ ಹೋಗಿ ನಾಲ್ಕು ವರ್ಷವಾಯಿತು. ಮಾಲೀಕರು ಅದನ್ನು ಪಾರ್ಸೆಲ್ ಕಂಪನಿಗೆ ಕೊಟ್ಟರು. ನಾನು ಅರಮನೆ, ಕಾಡು, ಸೆರೆಮನೆಗಳನ್ನು ಬರೆದ ನೆಲದ ಮೇಲೆ ಈಗ ರಟ್ಟಿನ ಪೆಟ್ಟಿಗೆಗಳು ಬಿದ್ದಿವೆ. ನಿನಗೆ ಹೇಳಲು ನಾಲ್ಕು ಸಲ ಕಾಗದ ತೆಗೆದೆ. ಪ್ರತಿ ಸಲವೂ ಆರಂಭಕ್ಕೆ 'ಎಲೈ ಸಭಿಕರೇ' ಎಂದು ಬರೆಯುತ್ತಿದ್ದೆ. ತುಂಬಿದ ಸಭೆಯ ಮುಂದೆ ರಾಜ ಬಂದು 'ನನ್ನ ಅರಮನೆ ಹೋಯಿತು' ಎಂದು ಹೇಗೆ ಹೇಳುತ್ತಾನೆ? ಹಜಾರ ಇದೆ ಎಂದು ಬರೆದುಬಿಡುತ್ತಿದ್ದೆ. ಬರೆಯುವಷ್ಟು ಹೊತ್ತು ಅದು ಇರುತ್ತಿತ್ತು.

ಮನೆಯ ಒಳಗೆ ಎಂಟಡಿ ಹತ್ತಡಿ ಜಾಗ, ಛಾವಣಿ ಇಳಿಜಾರು. ಓಣಿ ಹನ್ನೊಂದಡಿ ಅಗಲ. ಹದಿನೆಂಟಡಿಯ ಪರದೆಯನ್ನು ಒಂಬತ್ತರ ಎರಡು ಪಟ್ಟಿ ಮಾಡಿ, ದಿನಕ್ಕೊಂದು ಪಟ್ಟಿ ಹಾಸುತ್ತೇನೆ. ಬಲಗೋಡೆಯ ಪಕ್ಕ ಎರಡಡಿ ಬಿಡುತ್ತೇನೆ, ಜನ ಅಲ್ಲಿ ನಡೆಯುತ್ತಾರೆ. ಬೆಳಿಗ್ಗೆ ಹಚ್ಚಿದ ಬಣ್ಣ ಮಲಗಿದಲ್ಲೇ ಒಣಗಬೇಕು. ಎತ್ತಿ ನಿಲ್ಲಿಸಿದರೆ ಆಕಾಶ ಇಳಿದು ಮನೆಗಳ ಮೇಲೆ ಸುರಿಯುತ್ತದೆ. ನಾಲ್ಕು ಗಂಟೆಗೆ ಸುತ್ತಿಡುತ್ತೇನೆ. ನನಗೆ ಬೇಕಾದದ್ದು ಆ ನೆಲ, ಬೆಳಿಗ್ಗೆಯಿಂದ ನಾಲ್ಕರವರೆಗೆ. ಅದು ಹೋದರೆ ನಾನು ಪರದೆ ಬರೆಯುವವನಲ್ಲ.

ಇನ್ನು ಆ ಹೇಳಿಕೆ. ಆಗಸ್ಟಿನ ಆ ದಿನ ಅರಮನೆಯ ಕಂಬಗಳಿಗೆ ನೀಲಿ ನೆರಳು ಕೊಡುತ್ತಿದ್ದೆ. ಓಣಿಯ ಬಾಯಲ್ಲಿ ಅಳತೆಪಟ್ಟಿ ಹಿಡಿದ ಹೆಣ್ಣುಮಗಳೊಬ್ಬಳು ಕಾಣಿಸಿದಳು, ಕೊರಳಲ್ಲಿ ಸರ್ಕಾರದ ಬಿಲ್ಲೆ. ಸಾರ್ವಜನಿಕ ಜಾಗದಲ್ಲಿ ಅಕ್ರಮವಾಗಿ ಕೂತವರನ್ನು ಎಬ್ಬಿಸುವವಳು ಬಂದಳು ಎಂದುಕೊಂಡೆ. ಹಸಿ ಬಟ್ಟೆಯನ್ನು ಹಾಗೇ ಸುತ್ತಿದೆ. ಕಂಬಕ್ಕೆ ಕಂಬ ಅಂಟಿಕೊಂಡು ಹದಿನೈದು ದಿನದ ಕೆಲಸ ಹಾಳಾಯಿತು. ಅದನ್ನು ಬೆನ್ನ ಹಿಂದೆ ಒದ್ದು, ಮುಂದೆ ಸೇನಾಪತಿಯ ಹಾಗೆ ನಿಂತೆ.

"ಸರ್, ಈ ಓಣೀನ ಹಗಲು ಹೊತ್ತು ಯಾರಾದ್ರೂ ಬಳಸ್ತಾರಾ?" ಅಂದಳು.

"ಇಲ್ಲಮ್ಮಾ! ಯಾರೊಬ್ಬರೂ ಇಲ್ಲ! ಕಾಗೆ ಕೂಡ ಕಾಲಿಡಲ್ಲ!"

ಪಾಪ, ಎರಡು ಹೆಜ್ಜೆ ಹಿಂದೆ ಸರಿದಳು. "ಸ್ವಲ್ಪ ನಿಧಾನವಾಗಿ ಹೇಳಿ ಸರ್, ಬರ್ಕೋಬೇಕು." ನಾನು ಮಾತು ಒಪ್ಪಿಸುವವನ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದೆ. ಬರೆದುಕೊಂಡವಳು ತಲೆ ತಗ್ಗಿಸಿ ನನ್ನ ಪಾದ ನೋಡಿದಳು. "ಕಾಲಿಗೇನಾಯ್ತು ಸರ್? ನೀಲಿಯಾಗಿದೆ?"

"ಹುಟ್ಟಿದಾಗಿನಿಂದ ಹೀಗೇ!"

ಲವಂಗ ಹಿಂಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ. ಅವಳು ಹೋದ ಮೇಲೆ ಹೇಳಿದ: "ಅಣ್ಣ, ಅವಳು ಎಬ್ಬಿಸೋಕೆ ಬಂದೋಳಲ್ಲ. ಯಾರ್ಯಾರು ಇದ್ದಾರೆ, ಅವರಿಗೆ ಜಾಗ ಬಿಟ್ಟು ನಕ್ಷೆ ಮಾಡೋಕೆ ಬಂದೋಳು. ಓಡಿಹೋಗಿ ನಿಜ ಹೇಳಿ." ನಾನು ಅವನ ಕೈ ಹಿಡಿದು, ನೀನೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿದೆ. ಅವನು ಆವತ್ತೇ ಹೇಳಿದ್ದು ಇದನ್ನೇ. ಹೋದ ಸಲ ನಿನ್ನಿಂದ ಮುಚ್ಚಿಟ್ಟಿದ್ದೂ ಇದನ್ನೇ.

ಈಗ ಇನ್ನೊಂದು ಮಾತು. ನೀನು ಕಳಿಸಿದ ನಕಲಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಿದೆ. ನಿನ್ನ ನಾದಿನಿ ಭೂತಗನ್ನಡಿ ಹಿಡಿದು ಓದಿದಳು. ನಕ್ಷೆ ಬರೆಯುವವರ ಒಡಹುಟ್ಟಿದವರು ಆ ಓಣಿಯಲ್ಲಿ ವಾಸವಿದ್ದರೆ ಮೊದಲೇ ತಿಳಿಸತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು. ನೀನು ತಿಳಿಸಿಲ್ಲ ಅಲ್ಲವೇ? ನಾನು ಬಾಯಿ ಬಿಟ್ಟರೆ ಹೇಳಿಕೆ ತೆಗೆಯುತ್ತಾರೆ, ಸಹಿ ನೋಡುತ್ತಾರೆ, ಈ ಮೀಸೆ ಯಾರದೆಂದು ಹುಡುಕುತ್ತ ನಿನ್ನ ಮೇಜಿಗೇ ಬರುತ್ತಾರೆ. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿರುವವಳು 'ಯಾರಿಗೂ ಏನೂ ಆಗುವುದಿಲ್ಲ' ಎಂದು ಬರೆದಿದ್ದೀಯ. ನಟಿಯಾಗಬೇಕಾದವಳು ನೀನು, ಅಪ್ಪ ತಪ್ಪಿ ನನಗೆ ಪಾತ್ರ ಕೊಟ್ಟರು.

ನಾನು 23ಕ್ಕೆ ಹೊರಗೆ ಬರುವುದಿಲ್ಲ. ಒಳಗಿಂದ ಚಿಲಕ ಹಾಕಿಕೊಂಡು ಕೂರುತ್ತೇನೆ. ಹಳದಿ ಗೆರೆ ಎಳೆದುಕೊಂಡು ಹೋಗಲಿ. ಅಡುಗೆಮನೆಯಲ್ಲಿ ಕೂತು ಸಣ್ಣ ಹಲಗೆಗಳ ಮೇಲೆ ಅಂಗಡಿಗಳ ಹೆಸರು ಬರೆದರಾಯಿತು. 'ಇಲ್ಲಿ ಬೀಗ ರಿಪೇರಿ ಮಾಡಲಾಗುವುದು.' ಅಕ್ಷರ ನನ್ನದು ಚೆನ್ನಾಗಿದೆ.

ತಮ್ಮ


ಮಾರ್ಚ್ 13

ತಮ್ಮಾ,

ಬಾಯಿ ಮುಚ್ಚಿಕೊಂಡು ಒಳಗೆ ಕೂರುವ ಪಾತ್ರ ನಿನಗೆ ಒಪ್ಪುವುದಿಲ್ಲ. ಒಂದೇ ಸಲ ಅಪ್ಪ ನಿನಗೆ ಮೂಗನ ಪಾತ್ರ ಕೊಟ್ಟಿದ್ದರು, ಎರಡನೆಯ ದೃಶ್ಯದಲ್ಲೇ ಮಾತಾಡಿಬಿಟ್ಟಿದ್ದೆ.

ನಿನ್ನ ಕಾಗದ ಬರುವ ಮೊದಲೇ ಕೆಲಸ ಮುಗಿಸಿದ್ದೆ. ನೀಲಿ ಹೂವು ಕಂಡ ದಿನದಿಂದ ನನಗೆ ನಿದ್ದೆ ಇರಲಿಲ್ಲ. ಮಾರ್ಚ್ ಮೂರರಂದು ಮೇಲಧಿಕಾರಿಯ ಕೋಣೆಗೆ ಹೋಗಿ, ನಾಲ್ಕನೆಯ ಓಣಿಯಲ್ಲಿ ನನ್ನ ತಮ್ಮನಿದ್ದಾನೆ, ಮುಚ್ಚಿಟ್ಟಿದ್ದೆ ಎಂದೆ. ಅವರು ನನ್ನ ಮಗನ ವಯಸ್ಸಿನವರು. "ಏನ್ ಮೇಡಂ, ನೀವಾ?" ಎಂದು ಎದ್ದು ನಿಂತುಬಿಟ್ಟರು. ಕೂರಲು ಹೇಳುವುದನ್ನೂ ಮರೆತರು. ಮೂವತ್ತೆಂಟು ವರ್ಷದಲ್ಲಿ ನನ್ನ ಕಡತದಲ್ಲಿ ಒಂದು ಚುಕ್ಕೆ ಇರಲಿಲ್ಲ. ಈಗ ಒಂದು ಪುಟವಿದೆ. ನನ್ನನ್ನು ಮತ್ತೆ ಕೊಳವೆಗಳಿಗೆ ಕಳಿಸಿದ್ದಾರೆ. ನಕ್ಷೆಯಿಂದ ನನ್ನ ಸಹಿ ತೆಗೆದು ಬೇರೆಯವರ ಸಹಿ ಹಾಕಿದ್ದಾರೆ. ಆದ್ದರಿಂದ ನೀನು ಕಾಪಾಡಬೇಕಾದದ್ದು ಏನೂ ಉಳಿದಿಲ್ಲ.

ಆದರೆ ನಕ್ಷೆ ಹಾಗೇ ಇದೆ. ನಾನು ತಪ್ಪು ಒಪ್ಪಿಕೊಂಡರೂ ನಿನ್ನ ಹೇಳಿಕೆ ಸುಳ್ಳಾಗುವುದಿಲ್ಲ. ನನ್ನ ತಮ್ಮ ಓಣಿಯಲ್ಲಿ ಕೆಲಸ ಮಾಡುತ್ತಾನೆ ಎಂದು ನಾನು ಹೇಳಿದರೆ ಅದು ಅಕ್ಕನ ಮಮತೆ, ಅಷ್ಟೇ. ಬರೆಸಿದವನೇ ಬಂದು ಅಳಿಸಬೇಕು. ಅಳಿಸಿದರೂ ಜಾಗ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ನಾಲ್ಕು ವರ್ಷ ಯಾರನ್ನು ಕೇಳಿ ಬಟ್ಟೆ ಹಾಸಿದೆ ಎಂದು ನಿನ್ನನ್ನೇ ಕೇಳಬಹುದು. ಕೇಳಿದರೆ ತಲೆ ತಗ್ಗಿಸು. ಆ ಪ್ರಶ್ನೆ ಸರಿಯಾದದ್ದು. ನೀನು ಲವಂಗನಿಗೆ ಕೇಳಿದ್ದೂ ಅದನ್ನೇ ಅಲ್ಲವೇ?

ಶಾಪದ ಬಗ್ಗೆ ಯೋಚನೆ ಬೇಡ. ಕೈ ನಡುಗುತ್ತಿಲ್ಲ, ಈ ಅಕ್ಷರ ನೋಡು. ಒಂದು ಮಾತ್ರ ನಿಜ. ಓಣಿಯ ಉದ್ದಗಲ, ಬಾಗಿಲು, ಬಳ್ಳಿ ಎಲ್ಲವನ್ನೂ ಬರೆದೆ. ನನ್ನನ್ನೂ ಬರೆದುಕೊಂಡೆ. ನಿನ್ನನ್ನು ಬರೆಯಲಿಲ್ಲ. ಮೆಟ್ಟಿಲ ಮೇಲೆ ಕೂತ ಆ ಹುಡುಗಿ ಏನನ್ನು ನೋಡುತ್ತಿದ್ದಾಳೆ ಎಂದು ನಾನೇ ಯೋಚಿಸಲಿಲ್ಲ. ಚಿತ್ರದ ನಕಲು ನನ್ನ ಮೇಜಿನ ಮೇಲಿದೆ, ದಿನಾ ನೋಡುತ್ತೇನೆ. ಅವಳ ಎದುರಿಗೆ ಬರೀ ಮೇಜುಗಳಿವೆ.

ಅಕ್ಕ


ಮಾರ್ಚ್ 22

ಎಲೈ ಸಭಿಕರೇ! ಅಲ್ಲ, ಮೆಟ್ಟಿಲ ಮೇಲೆ ಕೂತ ಸಭಿಕಳೇ!

ನಿನ್ನ ಕಾಗದ ಓದಿ ಓಣಿಗೆ ಬಂದು ಮುಚ್ಚಳದ ಮೇಲೆ ಕುಕ್ಕರಿಸಿದೆ. ಮೂವತ್ತೆಂಟು ವರ್ಷದ ಕಡತಕ್ಕೆ ನನ್ನಿಂದ ಮಸಿ ಬಿತ್ತೇ! ದಳ ಮುರಿದದ್ದು ನಾನು, ಏಟು ತಿಂದದ್ದು ನೀನು. ಕೂದಲು ಬೆಳ್ಳಗಾದರೂ ನಾವು ಅದೇ ದೃಶ್ಯವನ್ನು ಆಡುತ್ತಿದ್ದೇವಲ್ಲ!

ಲವಂಗ ಹೊರಗೆ ಬಂದು ಪಕ್ಕದಲ್ಲಿ ಕೂತ. ಅವನಿಗೆ ಎಲ್ಲ ಹೇಳಿದೆ. ನಕ್ಷೆ ಬರೆದವಳು ನೀನು ಎಂದು ಕೇಳಿ ಅವನ ಕೈಯಿಂದ ಸೌಟು ಬಿತ್ತು. ನಾನು ನೋಡಿದಂತೆ ಅದು ಮೊದಲ ಸಲ.

"ಲವಂಗ, ನೀನೇ ಹೇಳಪ್ಪ. ನಾಲ್ಕು ಗಂಟೆ ಮೇಲೆ ಮೇಜು ಹಾಕ್ಕೊಂಡ್ರೆ ನಿನಗೆ ಆಗುತ್ತಾ?"

"ಬೆಳಗಿನ ಗಿರಾಕಿ ಹೋಗ್ತಾರೆ ಅಣ್ಣ. ಹೊಟ್ಟೆ ಉರಿಯುತ್ತೆ. ಆದ್ರೂ ಆಗುತ್ತೆ ಅಂದ್ಕೊಳ್ಳಿ." ಬಿದ್ದ ಸೌಟನ್ನು ಎತ್ತಿ ಒರೆಸಿಕೊಂಡು ಅಂದ: "ನಾನು ಬಿಡೋಕೆ ತಯಾರಿದ್ದೀನಿ. ಆದ್ರೆ ಯಾರಿಗೆ ಬಿಡ್ಲಿ? ಕಾಗದದಲ್ಲಿ ನೀವು ಇಲ್ಲವೇ ಇಲ್ಲ. ಇಲ್ಲದೋನಿಗೆ ಜಾಗ ಬಿಟ್ಟೆ ಅಂದ್ರೆ ಅಧಿಕಾರಿ ನನಗೆ ಹುಚ್ಚು ಅಂತಾರೆ."

ಅಕ್ಕ, ಎಷ್ಟೋ ರಾಜರ ಪಾತ್ರ ಮಾಡಿದೆ, ಯಾರ ಮಾತೂ ನನ್ನನ್ನು ಹೀಗೆ ಹೊಡೆದುರುಳಿಸಿರಲಿಲ್ಲ. 'ಇಲ್ಲ' ಎಂದು ನಾನೇ ಗಂಟಲು ಹರಿಯುವ ಹಾಗೆ ಕೂಗಿ ಹೇಳಿದ್ದೇನೆ. ಸರ್ಕಾರ ಅದನ್ನು ನಂಬಿತು. ನನ್ನ ಅಕ್ಕ ನಂಬಿದಳು. ಇಷ್ಟು ಚೆನ್ನಾಗಿ ಯಾವ ಪಾತ್ರವನ್ನೂ ನಾನು ಮಾಡಿರಲಿಲ್ಲ.

ಬೀದಿಯ ಪರದೆ ಇವತ್ತು ಮುಗಿಯಿತು, ಒಂದು ಮೂಲೆ ಬಿಟ್ಟು. ಅಲ್ಲಿ ಮೆಟ್ಟಿಲು ಬರೆದಿದ್ದೇನೆ, ಮೆಟ್ಟಿಲ ಮೇಲೆ ನಿನ್ನನ್ನು ಕೂರಿಸಬೇಕು. ಗೋಡೆಯ ಮೇಲಿನ ನಿನ್ನ ಚಿತ್ರದ ಮುಂದೆ ನಿಂತು ಜಡೆಯ ಅಳತೆ ತೆಗೆದುಕೊಂಡು ಬಂದೆ. ನಿನ್ನ ನಾದಿನಿ, "ಕಳ್ಳ ಅಂತ ಬೈದೋರು ಈಗ ಏನು ಕದೀತಿದ್ದೀರಿ?" ಎಂದಳು.

ನನಗೆ ಹೆದರಿಕೆಯಾಗುತ್ತಿದೆ. ದಂಡ ಹಾಕಬಹುದು. ಬಟ್ಟೆ ಸುತ್ತಿಕೊಂಡು ಹೋಗು ಎನ್ನಬಹುದು. ನಾಲ್ಕು ವರ್ಷ ಕದ್ದು ಕೂತ ನೆಲಕ್ಕೆ ಯಾವ ಬಾಯಿಂದ ಹಕ್ಕು ಕೇಳಲಿ? ಹಕ್ಕು ಕೇಳುವುದಿಲ್ಲ. ಇದ್ದೇನೆ ಎಂದಷ್ಟೇ ಹೇಳುತ್ತೇನೆ. ನಿನ್ನ ಕಚೇರಿಗೆ ನಿನ್ನ ತಪ್ಪು ನೀನೇ ಒಪ್ಪಿಸಿದ್ದೀಯ, ಅದು ನಿನ್ನ ದೊಡ್ಡತನ. ನನ್ನ ತಪ್ಪಿಗೆ ಈ ಸಲ ನಿನ್ನ ಹೆಸರು ಹೇಳುವುದಿಲ್ಲ.

ನಾಳೆ ಬೆಳಿಗ್ಗೆ ಆರಕ್ಕೇ ಎದ್ದು, ಕಾಲು ತೊಳೆಯದೆ, ಓಣಿಯ ಉದ್ದಕ್ಕೂ ಪರದೆ ಹಾಸುತ್ತೇನೆ, ಬಲಗೋಡೆಯ ಪಕ್ಕ ಎರಡಡಿ ಬಿಟ್ಟು. ಅಳತೆಯವಳೂ ಬರುತ್ತಾಳಂತೆ. ಮೊದಲು ಅವಳಿಗೆ ನೀಲಿ ಪಾದ ತೋರಿಸಿ, ಹುಟ್ಟಿದಾಗಿನಿಂದ ಹೀಗಲ್ಲಮ್ಮ ಎನ್ನುತ್ತೇನೆ. ಎಂಟಕ್ಕೆ ಅಧಿಕಾರಿ ಬಂದು ಯಾರದಾದರೂ ತಕರಾರು ಇದೆಯೇ ಎಂದು ಕೇಳಿದಾಗ, ಮುರಿದ ಹೂವಿನ ಮೇಲೆ ನಿಂತು, ಅಪ್ಪ ಕಲಿಸಿದ್ದಕ್ಕೆ ವಿರುದ್ಧವಾಗಿ ಜೀವನದಲ್ಲಿ ಮೊದಲ ಸಲ ದನಿ ತಗ್ಗಿಸಿ, "ಸರ್, ಆ ಕಾಗೆ ನಾನೇ" ಎನ್ನುತ್ತೇನೆ.

ನಿನ್ನ ತಮ್ಮ